ಸಾಕ್ಷಿಯ ಸ್ಟೂಲು

ಮಣಿಪಾಲ
14-7-1985

ಗೌರವಾನ್ವಿತ ಜಮಾಲ್ ಸರ್,

ನಾನು ಲೊರ್ನಾ. ಕಾರ್ಕಳದ ನಿಮ್ಮ ಕಾಲೇಜಿನಲ್ಲಿ ಪಿ.ಯು.ಸಿ. ಸೈನ್ಸ್ ಓದಿ, ನೀವು ಬಿ.ಎಸ್ಸಿ.ಗೆ ಸೇರು ಎಂದು ಹೇಳಿದ ಮೇಲೂ ಬಿ.ಎ.ಗೆ ಸೇರಿದವಳು. ಹೀಗೆ ಹೇಳಿದರೆ ನೆನಪಾದೀತು. ಕೋಪವೂ ನೆನಪಾದೀತು.

ಕನ್ನಡ ಸಾಹಿತ್ಯ ಓದಿದವಳಿಗೆ ಇಲ್ಲಿ ಒಂದು ಕೆಲಸ ಸಿಕ್ಕಿದೆ, ಅದೂ ಒಂದು ತರಬೇತಿ ಕೇಂದ್ರದ ಕಂಪ್ಯೂಟರ್ ಕೋಣೆಯಲ್ಲಿ. ರಸಾಯನಶಾಸ್ತ್ರ ಕಲಿಸುವವರು ತರಗತಿಯಲ್ಲಿ ಕಂಪ್ಯೂಟರ್ ಬಳಸುವುದು ಹೇಗೆ ಎಂದು ನಮ್ಮ ಕೇಂದ್ರ ತರಬೇತಿ ಕೊಡಲಿದೆ. ಡೆನಿಸ್ ಎಂಬ ಯುವ ಎಂಜಿನಿಯರ್ ಪ್ರೋಗ್ರಾಂ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ವಿವರಣೆಯನ್ನೂ ಬರೆಯುತ್ತಾರೆ. ಅದನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಬರೆದವರಿಗೆ ಕನ್ನಡ ಬರೆಯಲು ಬಾರದು, ಬರೆದದ್ದು ನನಗೆ ತಿಳಿಯದು. ಹೀಗೆ ನಡೆಯುತ್ತಾ ಉಂಟು.

ಕೋಣೆಯೊಳಗೆ ಹೋಗುವ ಮೊದಲು ಚಪ್ಪಲಿ ಹೊರಗೆ ಬಿಡಬೇಕು. ಧೂಳು ಆಗಬಾರದಂತೆ. ಹಾಡಿನ ಕ್ಯಾಸೆಟ್ಟಿನಂಥ ಒಂದು ಕ್ಯಾಸೆಟ್ ಹಾಕಿದರೆ ಕೀರಲು ಸದ್ದು ಬಹಳ ಹೊತ್ತು ಬಂದು, ಆಮೇಲೆ ಟಿ.ವಿ.ಯಲ್ಲಿ ಹನಿ ಬಿಡುವ ಒಂದು ಬ್ಯುರೆಟ್ಟೂ ಅದರ ಕೆಳಗೆ ಫ್ಲಾಸ್ಕೂ ಮೂಡುತ್ತವೆ. ಕೀಲಿ ಒತ್ತಿದರೆ ಒಂದು ಹನಿ ಬೀಳುತ್ತದೆ. ಸಾಕಷ್ಟು ಹನಿ ಬಿದ್ದಾಗ ಫ್ಲಾಸ್ಕಿನ ಬಣ್ಣ ಬದಲಾಗುತ್ತದೆ, ಆಗ ನಿಲ್ಲಿಸಬೇಕು. ಆಮ್ಲಕ್ಕೆ ಕ್ಷಾರ ಹನಿಸಿ ಅಳೆಯುವ ನಮ್ಮ ಟೈಟ್ರೇಶನ್ನೇ, ನೀರಿಲ್ಲದೆ. ಆ ಯಂತ್ರದಲ್ಲಿ ಇರುವುದು ಕೆಲವೇ ಬಣ್ಣ, ತೆಳು ಗುಲಾಬಿ ಇಲ್ಲ. ಅದಕ್ಕೆ ಡೆನಿಸ್ ಹಸಿರು ಇದ್ದದ್ದು ಕೆಂಪಾಗುವ ಹಾಗೆ ಮಾಡಿದ್ದಾರೆ.

ಅದನ್ನು ನೋಡುವಾಗ ನಿಮ್ಮ ಲ್ಯಾಬಿನ ಎತ್ತರದ ಸ್ಟೂಲು ನೆನಪಾಯಿತು. ನೀವು ಬ್ಯುರೆಟ್ಟಿನಿಂದ ಹನಿ ಬಿಡುವುದು. ಸ್ಟೂಲಿನ ಮೇಲೆ ಕೂತವರು ಫ್ಲಾಸ್ಕನ್ನೇ ನೋಡುತ್ತ, ಗುಲಾಬಿ ಬಂದು ನಿಂತ ಕೂಡಲೇ ‘ಬಂತು ಸರ್’ ಎನ್ನುವುದು. ಹಾಗೆ ಕೂತವರಿಗೆ ‘ಸಾಕ್ಷಿ’ ಎಂದು ಹೆಸರಿಟ್ಟಿದ್ದಿರಿ. ಬಾಯಿ ಬಿಡದ ನನ್ನನ್ನೇ ಹೆಚ್ಚು ಸಲ ಕೂರಿಸಿದಿರಿ. ಆ ತರಗತಿಯಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ ಇರಬೇಕು.

ತರಬೇತಿಗೆ ಕರೆಯಬೇಕಾದವರ ಹೆಸರು ಕೇಳಿದಾಗ ಮೊದಲು ನಿಮ್ಮ ಹೆಸರು ಹೇಳಿದ್ದೇನೆ. ದಯವಿಟ್ಟು ಬನ್ನಿ ಸರ್.

ನಿಮ್ಮ ವಿದ್ಯಾರ್ಥಿನಿ,
ಲೊರ್ನಾ


ಕಾರ್ಕಳ
27-7-1985

ಲೊರ್ನಾ,

ಕಾಗದ ತಲುಪಿತು. ಕೋಪ ಎಂತದೂ ಇಲ್ಲ. ಕೆಲಸ ಸಿಕ್ಕಿದ್ದು ಸಂತೋಷ.

ನನ್ನನ್ನು ಬಿಟ್ಟುಬಿಡು. ಮಳೆಗಾಲದಲ್ಲಿ ಮಣಿಪಾಲಕ್ಕೆ ಬಸ್ಸು ಹಿಡಿದು ಬರುವುದು ಕಷ್ಟ. ಶನಿವಾರವಾದರೆ ಕಾಪುವಿನ ಮನೆಗೆ ಹೋಗಬೇಕು. ಮತ್ತೆ, ಬ್ಯುರೆಟ್ ಒಡೆಯದ ಲ್ಯಾಬು ಒಂದು ಲ್ಯಾಬೇ? ಕೈ ಒದ್ದೆಯಾಗದೆ ರಸಾಯನಶಾಸ್ತ್ರ ಕಲಿತವರನ್ನು ನಾನು ಕಂಡಿಲ್ಲ. ಹೊಸಬರಿಗೆ ಕಲಿಸಿ. ನಮ್ಮಲ್ಲಿ ಈ ವರ್ಷ ಕ್ಲಾರಾ ಎಂಬ ಹುಡುಗಿ ಲೆಕ್ಚರರ್ ಆಗಿ ಬಂದಿದ್ದಾಳೆ, ಚುರುಕು ಉಂಟು.

ಸುಮ್ಮನೆ ಕೇಳುತ್ತೇನೆ, ಆ ಟಿ.ವಿ.ಯ ಮುಂದೆ ಒಬ್ಬೊಬ್ಬರೇ ಕೂರಬೇಕೋ, ಇಬ್ಬಿಬ್ಬರೋ?

ಜಮಾಲ್


ಮಣಿಪಾಲ
9-8-1985

ಗೌರವಾನ್ವಿತ ಸರ್,

ಒಬ್ಬೊಬ್ಬರೇ. ಒಂದು ಯಂತ್ರಕ್ಕೆ ಒಬ್ಬರು. ಅದೇ ಈ ತರಬೇತಿಯ ವಿಶೇಷ ಎಂದು ಡೆನಿಸ್ ಹೆಮ್ಮೆಪಡುತ್ತಾರೆ.

ನಿಮ್ಮ ಕಾಗದದ ಹಿಂದೆಯೇ ನಿಮ್ಮ ಪ್ರಿನ್ಸಿಪಾಲರ ಕಾಗದವೂ ಬಂತು. ನಿಮ್ಮನ್ನೇ ಕಳುಹಿಸುತ್ತಾರಂತೆ. ನನಗೆ ಸಂತೋಷವಾಯಿತು. ಆಮೇಲೆ ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ. ಸಂತೋಷಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಬಸ್ಸಿನ ಕಷ್ಟ, ಮಳೆಯ ಕಷ್ಟ ಎಲ್ಲ ನಿಜ. ಆದರೆ ನೀವು ಕೆಸರಿನಲ್ಲಿ ಸೈಕಲ್ ತುಳಿದು ಬಂದು ಪಾಠ ಮಾಡಿದವರಲ್ಲವೇ?

ಸೆಪ್ಟೆಂಬರ್ 14, ಶನಿವಾರ. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಿ. ಗೇಟಿನಲ್ಲಿ ನಾನು ನಿಂತಿರುತ್ತೇನೆ.

ಲೊರ್ನಾ


ಮಣಿಪಾಲ
16-9-1985

ಗೌರವಾನ್ವಿತ ಸರ್,

ನೀವು ಕ್ಷೇಮವಾಗಿ ತಲುಪಿದಿರಾ? ಮಧ್ಯಾಹ್ನ ಊಟಕ್ಕೆ ಎಲ್ಲರೂ ಎದ್ದಾಗ ನೀವು ಕಾಣಲಿಲ್ಲ. ಗೇಟಿನವರೆಗೆ ಓಡಿದೆ.

ನನಗೆ ಆ ದಿನ ಅರ್ಥವೇ ಆಗಿಲ್ಲ. ಆದದ್ದನ್ನು ಆದ ಹಾಗೆ ಬರೆದರೆ ಏನಾದರೂ ತಿಳಿದೀತೋ ಎಂದು ಬರೆಯುತ್ತೇನೆ.

ಬೆಳಿಗ್ಗೆ ನೀವು ಚೆನ್ನಾಗಿಯೇ ಇದ್ದಿರಿ. ಕಲ್ಯಾಣಪುರದಿಂದ ಬಂದ ಪೀಟರ್ ಸರ್, ಅವರೂ ನಿಮ್ಮ ಶಿಷ್ಯರಂತೆ, ಯಂತ್ರದ ಹಿಂದೆ ಮುಂದೆ ನೋಡಿ, “ಎಲ್ಲ ಸರಿ ಮಾರಾಯ್ರೆ, ಇದರಲ್ಲಿ ಸಾಕ್ಷಿ ಕೂರುದು ಎಲ್ಲಿ?” ಎಂದು ಕೇಳಿದರು. ಬೇರೆ ಊರಿನವರು ಇಬ್ಬರು ಮೂವರು, “ಹೌದು, ನಮ್ಮಲ್ಲಿಯೂ ಕೂರಿಸ್ತೇವೆ, ಜಮಾಲ್ ಸರ್ ಪದ್ಧತಿ ಅಲ್ವಾ!” ಎಂದರು. ಎಲ್ಲರೂ ನಕ್ಕರು. ನಿಮ್ಮ ಕ್ರಮ ಇಷ್ಟು ಊರುಗಳಿಗೆ ಹೋಗಿದೆ ಎಂದು ನನಗೆ ಹೆಮ್ಮೆಯಾಗಿ ನಿಮ್ಮ ಕಡೆ ನೋಡಿದೆ. ನೀವು ನಗಲಿಲ್ಲ.

ಆಮೇಲೆ ಒಬ್ಬೊಬ್ಬರೂ ಒಂದೊಂದು ಟಿ.ವಿ.ಯ ಮುಂದೆ ಕೂತಿರಿ. ನೀವು ಕೀಲಿ ಒತ್ತಿದಿರಿ, ಒತ್ತುತ್ತಲೇ ಇದ್ದಿರಿ. ಫ್ಲಾಸ್ಕು ಕೆಂಪಾಯಿತು, ನೀವು ನಿಲ್ಲಿಸಲಿಲ್ಲ. ಬ್ಯುರೆಟ್ ಖಾಲಿಯಾಗುವವರೆಗೂ ಒತ್ತಿದಿರಿ. ಡೆನಿಸ್ ಹಿಂದಿನಿಂದ ಬಂದು, “ಎಂತ ಸರ್, ಕೆಂಪಾಗಿ ಎಷ್ಟು ಹೊತ್ತಾಯಿತು!” ಎಂದು ತಮಾಷೆ ಮಾಡಿದರು. ಇನ್ನೊಮ್ಮೆ ಮಾಡಿದಿರಿ. ಆ ಸಲ ಕೆಂಪಾಗುವ ಎಷ್ಟೋ ಮೊದಲೇ ನಿಲ್ಲಿಸಿ, ನನ್ನ ಮುಖ ನೋಡಿದಿರಿ. ನಾನು ಏನು ಹೇಳಬೇಕಿತ್ತು ಸರ್?

ಇನ್ನೊಂದು. ಹೊರಗೆ ಬಿಟ್ಟ ಚಪ್ಪಲಿಗಳಲ್ಲಿ ನಿಮ್ಮ ಹಸಿರು ಪಟ್ಟಿಯ ಹವಾಯಿಯ ಒಂದು ಕಾಲು, ಡೆನಿಸರ ಕೆಂಪು ಪಟ್ಟಿಯದ್ದರ ಒಂದು ಕಾಲು ಉಳಿದಿವೆ. ಬಾಕಿ ಎರಡು ನಿಮ್ಮ ಕಾಲಿನಲ್ಲಿ ಹೋಗಿವೆ. ಪೀಟರ್ ಸರ್, “ನಮ್ಮ ಸರ್‌ಗೆ ಒಂದು ಕಾಲಿಗೆ ರೆಡ್ ಸಿಗ್ನಲ್, ಒಂದು ಕಾಲಿಗೆ ಗ್ರೀನ್ ಸಿಗ್ನಲ್” ಎಂದು ಎಲ್ಲರನ್ನೂ ನಗಿಸಿದರು. ಅಷ್ಟು ಕೋಪದಲ್ಲಿ ಹೋದಿರಾ?

ಡೆನಿಸ್ ವರದಿಯಲ್ಲಿ ನಿಮ್ಮ ಹೆಸರಿನ ಎದುರು ‘ಯಂತ್ರದ ಹೆದರಿಕೆ, ತರಬೇತಿ ಪೂರ್ಣವಾಗಿಲ್ಲ’ ಎಂದು ಬರೆದಿದ್ದಾರೆ. ಅದನ್ನು ಟೈಪ್ ಮಾಡಿ ನಿಮ್ಮ ಕಾಲೇಜಿಗೆ ಕಳುಹಿಸಬೇಕಾದವಳು ನಾನು. ತರಬೇತಿ ಪೂರ್ಣ ಮಾಡಿದವರಿಗೇ ಬರುವ ವರ್ಷದಿಂದ ಲ್ಯಾಬಿನ ಜವಾಬ್ದಾರಿ ಎಂದು ನಿಮ್ಮ ಪ್ರಿನ್ಸಿಪಾಲರು ಬರೆದಿದ್ದಾರಲ್ಲ. ಆ ಲ್ಯಾಬಿನಲ್ಲಿ ನಿಮ್ಮನ್ನಲ್ಲದೆ ಇನ್ನೊಬ್ಬರನ್ನು ನೆನೆಯಲು ನನಗೆ ಆಗುವುದಿಲ್ಲ. ನಾನೇನು ಮಾಡಲಿ?

ಲೊರ್ನಾ


ಕಾರ್ಕಳ
24-9-1985

ಲೊರ್ನಾ,

ಡೆನಿಸ್ ಅವರ ಚಪ್ಪಲಿಯನ್ನು ಪೀಟರನ ಕೈಯಲ್ಲಿ ಕಳುಹಿಸಿದ್ದೇನೆ. ನನ್ನದನ್ನು ಅವನ ಹತ್ತಿರವೇ ಕೊಡು. ಕಾಪುವಿನಲ್ಲಿ ಬಸ್ಸು ಇಳಿದು ಮನೆಗೆ ನಡೆದಾಗ ನನ್ನ ಹೆಂಡತಿ ನಫೀಸಮ್ಮ ಅಂಗಳದಿಂದಲೇ ನೋಡಿ ನಕ್ಕಳು. ಆಮೇಲೆ ನಗಲಿಲ್ಲ. ಎಂತದೂ ಕೇಳಲೂ ಇಲ್ಲ.

ವರದಿಯಲ್ಲಿ ಡೆನಿಸ್ ಬರೆದದ್ದನ್ನೇ ಟೈಪ್ ಮಾಡಿ ಕಳುಹಿಸು. ಕಂಡದ್ದನ್ನು ಹೇಳಿದರೆ ಸಾಕ್ಷಿಯ ಕೆಲಸ ಮುಗಿಯಿತು.

ಜಮಾಲ್


ಮಣಿಪಾಲ
18-11-1985

ಗೌರವಾನ್ವಿತ ಸರ್,

ಎರಡು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ ಎಂದುಕೊಂಡು ಕೂತಿದ್ದೇನೆ.

ಕಳೆದ ತಿಂಗಳು ಡೆನಿಸರ ಟಿಪ್ಪಣಿಯಲ್ಲಿ ‘ಬಣ್ಣ ಬದಲಾಗುವುದನ್ನು ಗಮನಿಸಿ’ ಎಂಬ ಸಾಲು ಬರೆಯುತ್ತಿದ್ದೆ. ನಮ್ಮ ಸರ್ ಇದನ್ನು ಹೇಗೆ ಹೇಳುತ್ತಿದ್ದರು ಎಂದು ಯೋಚಿಸಿದೆ. ನೀವು ಹೇಳುತ್ತಲೇ ಇರಲಿಲ್ಲ. ಕೇಳುತ್ತಿದ್ದಿರಿ. “ಎಂತ ಬಣ್ಣ ಮಕ್ಕಳೇ? ಗಟ್ಟಿ ಹೇಳಿ.” ನಾವು ಹೇಳಿದ ಮೇಲೆ, “ಹಾಂ, ಅದೇ.” ಎರಡು ವರ್ಷದಲ್ಲಿ ನೀವು ಮೊದಲಾಗಿ ಹೇಳಿದ ಒಂದು ಬಣ್ಣವೂ ನನಗೆ ನೆನಪಾಗಲಿಲ್ಲ. ಎಲ್ಲರೂ ಅದನ್ನು ಕಲಿಸುವ ಕ್ರಮ ಎಂದುಕೊಂಡೆವು. ಪೀಟರ್ ಸರ್ ಈಗಲೂ ಹಾಗೇ ಎಂದುಕೊಂಡಿದ್ದಾರೆ. ಆ ಚಪ್ಪಲಿ ಇಲ್ಲದಿದ್ದರೆ ನಾನೂ ಹಾಗೇ ಎಂದುಕೊಂಡಿರುತ್ತಿದ್ದೆ.

ಕೆಂಪು ಹಸಿರು ನಿಮಗೆ ಬೇರೆ ಬೇರೆ ಕಾಣುವುದಿಲ್ಲ ಅಲ್ವಾ ಸರ್? ಗುಲಾಬಿಯೂ?

ಉತ್ತರ ಬರೆಯಲೇಬೇಕು ಎಂದಿಲ್ಲ. ಯಾರಿಗೂ ಹೇಳಿಲ್ಲ. ವರದಿಯನ್ನು ಇನ್ನೂ ಕಳುಹಿಸಿಲ್ಲ, ಕ್ಯಾಸೆಟ್ಟಿನ ಡಬ್ಬದ ಅಡಿಯಲ್ಲಿ ಇದೆ. ಡೆನಿಸ್ ಹೊಸ ಪ್ರೋಗ್ರಾಮಿನ ಗಡಿಬಿಡಿಯಲ್ಲಿ ಮರೆತಿದ್ದಾರೆ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಗೊತ್ತಿಲ್ಲ. ಬಿಸಿಲು ಬೀಳುವ ತರಗತಿಯಲ್ಲಿ ಟಿ.ವಿ. ಸರಿ ಕಾಣುವುದಿಲ್ಲ, ಬಣ್ಣ ಬದಲಾದಾಗ ಯಂತ್ರ ಒಂದು ಸದ್ದು ಮಾಡಿದರೆ ಒಳ್ಳೆಯದು ಎಂದು ಡೆನಿಸರಿಗೆ ಹೇಳಿದೆ. ಮಾಡಬಹುದು ಎಂದರು. ಹಾಗಾದರೆ ನೀವು ಇನ್ನೊಮ್ಮೆ ಬರಬಹುದಲ್ಲ?

ಕಳೆದ ಶನಿವಾರ ಮಧ್ಯಾಹ್ನ ಊರಿಗೆ ಬಂದಿದ್ದೆ. ನೀವು ಕಾಪುವಿಗೆ ಹೊರಡುವ ಮೊದಲು ಸಿಗೋಣ ಎಂದು ನಿಮ್ಮ ರೂಮಿನ ಬಾಗಿಲವರೆಗೆ ಬಂದು ಹಿಂದೆ ಹೋದೆ. ಮುಖಕ್ಕೆ ಮುಖ ಕೊಟ್ಟು ಕೇಳಲು ಬಾಯಿ ಬರಲಿಲ್ಲ.

ಲೊರ್ನಾ


ಕಾರ್ಕಳ
20-12-1985

ಲೊರ್ನಾ,

ನೀನು ಬಂದದ್ದೂ ಹೋದದ್ದೂ ಕಿಟಕಿಯಿಂದ ಕಂಡಿತು. ನಾನೂ ಕರೆಯಲಿಲ್ಲ.

ಹೌದು.

ನನಗೆ ಇದು ಗೊತ್ತಾದದ್ದು ಬೊಂಬಾಯಿಯಲ್ಲಿ. ಕಾಪುವಿನ ನಮ್ಮ ಕೇರಿಯ ಹುಡುಗರಿಗೆಲ್ಲ ಹಡಗಿನ ಕೆಲಸದ ಹುಚ್ಚು. ನಾನೂ ಹೋದೆ. ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ಸಣ್ಣ ಸಣ್ಣ ದೀಪ ತೋರಿಸಿ ಬಣ್ಣ ಕೇಳಿದರು. ನಾನು ಧೈರ್ಯವಾಗಿ ಹೇಳಿದೆ. ಅಲ್ಲಿದ್ದವ ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನನ್ನು ಹತ್ತಿಸಿದರೆ ಹಡಗು ಹಡಗಿಗೇ ಗುದ್ದೀತು” ಎಂದ. ಅವನು ಅಲ್ಲಿ ಬರೆದುಕೊಟ್ಟದ್ದನ್ನು ಸಮುದ್ರಕ್ಕೆ ಹಾಕಿ ಊರಿಗೆ ಬಂದೆ. ತಂದೆಗೆ, ಹಡಗಿನಲ್ಲಿ ವಾಂತಿ ಬರುತ್ತದೆ ಎಂದೆ. ಮದುವೆಯಾದ ಮೇಲೆ ನಫೀಸಮ್ಮನಿಗೆ ಹೇಳಲೇಬೇಕಾಯಿತು. ಸಂತೆಯಿಂದ ಕಾಯಿ ಟೊಮೆಟೊವನ್ನೇ ಆರಿಸಿ ತರುತ್ತಿದ್ದೆ. ಬೇರೆ ಯಾರಿಗೂ ಹೇಳಿಲ್ಲ.

ಆದರೆ ರಸಾಯನಶಾಸ್ತ್ರ ನನಗೆ ಇಷ್ಟ. ಬಣ್ಣ ಅದರ ಅಂಗಿ ಮಾತ್ರ, ಮೈ ಬೇರೆ ಎಂದುಕೊಂಡು ಓದಿದೆ. ಕೆಲಸಕ್ಕೆ ಸೇರಿದ ವರ್ಷ ಮೊದಲ ಟೈಟ್ರೇಶನ್ ದಿನ ಎದುರಿನ ಬೆಂಚಿನ ಹುಡುಗನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದೆ. ಹೆದರಿಕೆಯಲ್ಲಿ ಮಾಡಿದ್ದು. ಊರೆಲ್ಲ ಪದ್ಧತಿ ಎಂದಿತು. ನಾನು ಸುಮ್ಮನಿದ್ದೆ.

ಈಗ ನನ್ನ ಹೆದರಿಕೆ ಯಂತ್ರದ್ದಲ್ಲ. ಇಷ್ಟು ವರ್ಷ ಮಕ್ಕಳ ಪ್ರಯೋಗ ನೋಡಿ ಮಾರ್ಕು ಕೊಟ್ಟಿದ್ದೇನೆ, ಸಾಕ್ಷಿಯ ಮಾತು ನಂಬಿ. ಇದು ಹೊರಗೆ ಬಂದರೆ ನಾಳೆ ಒಬ್ಬೊಬ್ಬನೂ, ನನ್ನ ಬಣ್ಣವನ್ನು ನೋಡಿದವರು ಯಾರು ಎಂದು ಕೇಳುತ್ತಾನೆ. ಕೇಳುವುದು ನ್ಯಾಯವೇ. ಲ್ಯಾಬು ಹೋದರೆ ಹೋಗಲಿ ಎಂದು ಬೆಳಿಗ್ಗೆ ಅನ್ನಿಸುತ್ತದೆ. ಬಾಗಿಲು ತೆರೆದು ಆ ವಾಸನೆ ಬಂದ ಕೂಡಲೇ ಹಾಗೆ ಅನ್ನಿಸುವುದಿಲ್ಲ.

ಸದ್ದು ಬೇಡ ಎಂದು ಡೆನಿಸರಿಗೆ ಹೇಳು. ಯಂತ್ರವೇ ‘ಬಂತು’ ಎಂದರೆ ಮಕ್ಕಳು ಎಂತದಕ್ಕೆ ಕಣ್ಣು ಬಿಟ್ಟು ನೋಡಬೇಕು?

ವರದಿ ಕಳುಹಿಸಿಬಿಡು.

ಜಮಾಲ್


ಮಣಿಪಾಲ
15-2-1986

ಗೌರವಾನ್ವಿತ ಸರ್,

ಕಳುಹಿಸಿಲ್ಲ.

ಸದ್ದು ಬೇಡ ಎಂದೆ. ಏಕೆ ಎಂದರು. ಮಕ್ಕಳು ನೋಡುವುದನ್ನು ಬಿಡುತ್ತಾರೆ ಎಂದೆ. ಡೆನಿಸ್, “ನೀವು ಇದೆಲ್ಲ ಎಲ್ಲಿಂದ ಕಲಿತಿರಿ?” ಎಂದರು. ನಾನು ನೆಲ ನೋಡಿದೆ. ಈಗ ಅವರು ಬದಲಿಗೆ ಪರದೆಯ ಒಂದು ಬದಿಯಲ್ಲಿ ಗೆರೆ ಹಾಕಿದ್ದಾರೆ. ಒಂದೊಂದು ಹನಿಗೂ ಗೆರೆ ಸ್ವಲ್ಪ ಸ್ವಲ್ಪ ಮೇಲೆ ಹೋಗುತ್ತದೆ. ಏನೆಂದು ನನಗೆ ತಿಳಿಯದು. ಬಂದವರು ಯಾರೂ ಅದರ ಕಡೆ ನೋಡುವುದೂ ಇಲ್ಲ, ಎಲ್ಲರಿಗೂ ಬಣ್ಣವೇ ಬೇಕು.

ಎರಡನೆಯ ತರಬೇತಿ ನಿಮ್ಮ ಕಾಲೇಜಿನಲ್ಲಿಯೇ. ಡೆನಿಸ್ ಒಂದು ಯಂತ್ರವನ್ನು ಜೀಪಿನಲ್ಲಿ ತರುತ್ತಾರೆ. ಟಿ.ವಿ. ಕಾಲೇಜಿನದ್ದೇ ಬಳಸಬೇಕು, ಮುಂದೆ ಎಲ್ಲ ಕಾಲೇಜಿನಲ್ಲೂ ಹಾಗೆಯೇ ನಡೆಯಬೇಕಾದ್ದು. ಮೊದಲ ಸಲ ಬಂದ ಇಪ್ಪತ್ತು ಮಂದಿಯೂ ಬರುತ್ತಾರೆ. ಅದು ಮುಗಿದ ಮೇಲೆ ಎರಡೂ ತರಬೇತಿಯ ವರದಿ ಒಟ್ಟಿಗೆ ಹೋಗಲಿ ಎಂದು ಡೆನಿಸರನ್ನು ಒಪ್ಪಿಸಿದ್ದೇನೆ.

ನಾನು ಬರುವುದಿಲ್ಲ ಸರ್. ನಾನಿದ್ದರೆ ನೀವು ನನ್ನ ಮುಖ ನೋಡುತ್ತೀರಿ. ನನ್ನ ಮುಖದಲ್ಲಿ ಎಲ್ಲ ಕಾಣುತ್ತದಂತೆ, ಅಮ್ಮ ಹೇಳುತ್ತಾಳೆ.

ಲೊರ್ನಾ


ಕಾಪು
23-3-1986

ಲೊರ್ನಾ,

ನಿನ್ನೆಯ ತರಬೇತಿಯಲ್ಲಿ ಏನಾಯಿತು ಎಂದು ಡೆನಿಸ್ ಹೇಳಿರಬಹುದು. ನಾನೂ ಬರೆಯುತ್ತೇನೆ.

ನಮ್ಮ ಕಾಲೇಜಿನ ಟಿ.ವಿ. ನಿನಗೆ ಗೊತ್ತುಂಟಲ್ಲ, ಕ್ರಿಕೆಟ್ ನೋಡಲು ಹಳೆ ವಿದ್ಯಾರ್ಥಿಗಳು ಕೊಟ್ಟದ್ದು. ಕಪ್ಪು ಬಿಳುಪು. ಅದೂ ಮುದಿಯಾಗಿದೆ. ಡೆನಿಸ್ ಅದನ್ನು ಯೋಚಿಸಿಯೇ ಇರಲಿಲ್ಲ. ಕ್ಯಾಸೆಟ್ಟಿನ ಕೂಗಾಟ ಮುಗಿದು ಚಿತ್ರ ಬಂತು. ಮೊದಲು ಪೀಟರ್ ಕೂತ. ಒತ್ತಿದ, ಒತ್ತಿದ, ಬ್ಯುರೆಟ್ಟು ಖಾಲಿ. “ಕೆಂಪು ಎಲ್ಲಿ ಮಾರಾಯ್ರೆ?” ಎಂದ. ಡೆನಿಸ್ ಟಿ.ವಿ.ಯ ತಿರುಪುಗಳನ್ನೆಲ್ಲ ತಿರುಗಿಸಿದರು. ಹಸಿರೂ ಕೆಂಪೂ ಒಂದೇ ಬೂದಿ. ಇನ್ನೊಬ್ಬರು ಕೂತರು. ಮತ್ತೊಬ್ಬರು ಕೂತು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ, “ಈಗ ಬಂತಾ? ಈಗ? ನಿಮಗೆ ಕಾಣುತ್ತದಾ?” ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರಿಗೂ ಇಲ್ಲ. ಪೀಟರ್ ಟಿ.ವಿ.ಯ ತಲೆ ಮೇಲೆ ಒಂದು ಬಡಿದು, “ಇದಕ್ಕೆ ರಕ್ತವೇ ಇಲ್ಲ, ಕಷಾಯ ಕೊಡಬೇಕು” ಎಂದ.

ಇಪ್ಪತ್ತು ಮಂದಿ ಕೆಮಿಸ್ಟ್ರಿಯವರು, ಒಬ್ಬರಿಗೂ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ. ನನಗೆ ನಗು ಬಂತು. ಬಹಳ ವರ್ಷಕ್ಕೆ ಹಾಗೆ ನಕ್ಕೆ. ಎಲ್ಲರೂ ತಿರುಗಿ ನೋಡಿದರು.

ನಾನು ಹೋಗಿ ಕೂತೆ. ನೀನು ಕಾಗದದಲ್ಲಿ ಹೇಳಿದ್ದ ಗೆರೆಯನ್ನು ನೋಡುತ್ತಲೇ ಇದ್ದೆ. ಅದು ಎಂತ ಎಂದು ನೋಡಿದ ಕೂಡಲೇ ಗೊತ್ತಾಗಿತ್ತು. ಫ್ಲಾಸ್ಕಿನ ಆಮ್ಲದ ಗುಣ ಹನಿ ಹನಿಗೆ ಕಡಿಮೆಯಾದಷ್ಟೂ ಅದು ಮೇಲೆ ಏರುತ್ತದೆ. ಬಹಳ ಹೊತ್ತು ಹೆಚ್ಚು ಕಡಿಮೆ ಮಲಗಿಯೇ ಇರುತ್ತದೆ. ಕೊನೆ ಹತ್ತಿರ ಬಂದಾಗ ಒಂದು ಹನಿಗೆ ಸ್ವಲ್ಪ ತಲೆ ಎತ್ತುತ್ತದೆ. ಮುಂದಿನ ಹನಿಗೆ ನೇರ ಎದ್ದು ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿದೆ. “ಇಲ್ಲಿ ಬಂತು” ಎಂದೆ. ಡೆನಿಸ್ ತಮ್ಮ ಲೆಕ್ಕ ನೋಡಿ, ಸರಿ ಎಂದರು.

ಪೀಟರ್ ಕೇಳಿದ, “ಸರ್, ಬಣ್ಣವೇ ಇಲ್ಲದೆ ನಿಮಗೆ ಮಾತ್ರ ಹೇಗೆ ಗೊತ್ತಾಯಿತು?”

ಸುಳ್ಳು ಹೇಳಬಹುದಿತ್ತು. ‘ಅನುಭವ’ ಎಂದರೆ ಸಾಕಿತ್ತು. ಬಾಯಿಯಲ್ಲಿ ಬೇರೆ ಬಂತು. “ನಿಮಗೆ ಇವತ್ತು ಕಂಡ ಹಾಗೆ ನನಗೆ ಯಾವಾಗಲೂ ಕಾಣುವುದು ಪೀಟರ್” ಎಂದೆ.

ಪೀಟರ್ ಮೆಲ್ಲಗೆ, “ಹಾಗಾದರೆ ಸಾಕ್ಷಿ?” ಎಂದ.

“ಅದು ನನಗೆ ಬೇಕಿತ್ತು. ನಿಮಗೆ ಬೇಕಿರಲಿಲ್ಲ.”

“ಅಯ್ಯೋ ದೇವರೇ! ನಾನು ಕೆಲಸಕ್ಕೆ ಸೇರಿದಾಗಿನಿಂದ ಕೂರಿಸ್ತಾ ಇದ್ದೇನಲ್ಲ ಸರ್! ಸ್ಟೂಲು ಬೇರೆ ಮಾಡಿಸಿದ್ದೇನೆ!”

ಎಲ್ಲರೂ ನಕ್ಕರು. ಅದು ನನ್ನನ್ನು ನೋಡಿ ನಕ್ಕದ್ದೋ, ಪೀಟರನನ್ನೋ, ಟಿ.ವಿ.ಯನ್ನೋ ನನಗೆ ಈಗಲೂ ತಿಳಿಯುತ್ತಿಲ್ಲ. ಊಟಕ್ಕೆ ಹೋಗುವಾಗ ಕೆಲವರು ನನ್ನ ಜೊತೆ ನಡೆದರು, ಕೆಲವರು ದೂರ ನಡೆದರು. ಬೇರೆಯವರ ಬಾಯಿಯಿಂದ ಹೋಗುವುದು ಬೇಡ ಎಂದು ಸಂಜೆ ಪ್ರಿನ್ಸಿಪಾಲರಿಗೆ ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಜೂನ್‌ಗೆ ನೋಡುವ” ಎಂದರು.

ಜಮಾಲ್


ಕಾರ್ಕಳ
19-7-1986

ಲೊರ್ನಾ,

ಮಣಿಪಾಲದ ಕೆಲಸ ಮುಗಿದು ನೀನು ಕಲ್ಯಾಣಪುರದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೀ ಎಂದು ಪೀಟರ್ ಹೇಳಿದ. ಒಳ್ಳೆಯದಾಯಿತು.

ವರದಿ ಎಂತದೇ ಇರಲಿ, ಲ್ಯಾಬಿನ ಬೀಗದಕೈ ಹೊಸ ಲೆಕ್ಚರರ್ ಕ್ಲಾರಾಳಿಗೆ ಹೋಯಿತು. ಪರೀಕ್ಷೆಯ ಮಾರ್ಕೂ ಇನ್ನು ಅವಳದ್ದೇ. ಪಾಠ ನನಗೆ. ಹಳೆಯ ಮಾರ್ಕಿನ ಬಗ್ಗೆ ಇಲ್ಲಿಯವರೆಗೆ ಯಾರೂ ಬಂದು ಕೇಳಿಲ್ಲ. ಕೇಳಿದರೆ ಎಂತ ಹೇಳುವುದೆಂದು ಈಗಲೂ ಗೊತ್ತಿಲ್ಲ. ಬೀಗದಕೈ ಕೊಡುವ ದಿನ ಕಿಸೆಯಲ್ಲಿ ಹುಡುಕಿದ ಹಾಗೆ ಮಾಡಿದೆ, ಸಿಕ್ಕದೆ ಇರಲಿ ಎಂದು. ಅವಳು ಕಾದಳು. ಕೊಟ್ಟ ಮೇಲೆ, “ಸರ್, ಬುಧವಾರ ಟೈಟ್ರೇಶನ್ ಉಂಟು, ನೀವೇ ಹನಿ ಬಿಡಬೇಕು, ನಾನು ಸ್ಟೂಲಿನಲ್ಲಿ ಕೂರ್ತೇನೆ” ಎಂದಳು.

ಹಾಗೆಯೇ ಮಾಡಿದೆವು. ಮೊದಲು ಮಕ್ಕಳಿಗೆ ವಿಷಯ ಹೇಳಿದೆ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ, ನಿನ್ನ ಹಾಗೆ ಬಾಯಿ ಇಲ್ಲದವಳು, ಎದ್ದು ನಿಂತು ಕೇಳಿದಳು, “ಸರ್, ಹಾಗಾದರೆ ತೆಳು ಗುಲಾಬಿ ಅಂದರೆ ಎಂತ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ?”

ಯಾರೂ ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಇಷ್ಟು ವರ್ಷ ಕೇಳಿದ್ದು ಬಂತಾ ಇಲ್ಲವಾ ಎಂದು ಮಾತ್ರ. ಬಂದದ್ದು ಎಂತದು ಎಂದು ಕೇಳಲಿಲ್ಲ.

ನೀನು ಬಿ.ಎಸ್ಸಿ. ಮಾಡದೆ ಭಾಷೆ ಓದಿದವಳು. ನನಗೆ ಬರೆದು ತಿಳಿಸು.

ಜಮಾಲ್


ಕಲ್ಯಾಣಪುರ
6-8-1986

ಪ್ರೀತಿಯ ಸರ್,

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿ ದಿನಗಳೇ ಹೋದವು. ಮಗುವಿನ ಹಿಮ್ಮಡಿಯ ಹಾಗೆ ಎಂದು ಬರೆದೆ, ಹೊಡೆದುಹಾಕಿದೆ. ಅದೂ ನಿಮಗೆ ಕಾಣದ ಬಣ್ಣವೇ. ಓದಿದ ಕಾವ್ಯಗಳಲ್ಲೆಲ್ಲ ಹುಡುಕಿದೆ. ತಾವರೆ, ತುಟಿ, ಸಂಜೆಯ ಮೋಡ. ಕಂಡವರು ಕಂಡವರಿಗೆ ಹೇಳಿದ ಮಾತು, ನಿಮಗೆ ಯಾವುದೂ ಆಗುವುದಿಲ್ಲ. ಇಷ್ಟೆಲ್ಲ ಓದಿ ನಾನೇನು ಕಲಿತೆ ಎಂದು ಗಾಬರಿಯಾಯಿತು.

ಕೊನೆಗೆ ಸ್ಟೂಲಿನ ಮೇಲೆ ಕೂತು ನಾನು ಕಂಡದ್ದನ್ನೇ ಬರೆಯುತ್ತೇನೆ. ಮೊದಲಿಗೆ ನೀರು, ಬರೀ ನೀರು. ಎಷ್ಟೋ ಹನಿ ಬಿದ್ದ ಮೇಲೆ, ಒಂದು ಹನಿ ಬಿದ್ದ ಜಾಗದಲ್ಲಿ ಏನೋ ಬರುತ್ತದೆ. ನೀವು ಫ್ಲಾಸ್ಕನ್ನು ತಿರುಗಿಸಿದ ಕೂಡಲೇ ಹೋಗುತ್ತದೆ. ಯಾರೋ ಬಾಗಿಲವರೆಗೆ ಬಂದು, ಕರೆಯಲು ಬಾಯಿ ಬಾರದೆ ಹಿಂದೆ ಹೋದ ಹಾಗೆ. ಮತ್ತೊಂದು ಹನಿಗೆ ಮತ್ತೆ ಬರುತ್ತದೆ, ಸ್ವಲ್ಪ ಹೆಚ್ಚು ಹೊತ್ತು ನಿಂತು ಹೋಗುತ್ತದೆ. ಆಮೇಲೆ ಒಂದು ಹನಿ ಬೀಳುತ್ತದೆ, ನೀವು ತಿರುಗಿಸುತ್ತೀರಿ, ತಿರುಗಿಸುತ್ತೀರಿ, ಅದು ಹೋಗುವುದಿಲ್ಲ. ಒಳಗೆ ಬಂದು ಕೂತಿರುತ್ತದೆ. ಆದರೆ ಎಷ್ಟು ಮೆಲ್ಲಗೆ ಎಂದರೆ, ಬಂದದ್ದು ನಿಜವೋ ನನ್ನ ಕಣ್ಣಿನ ಆಸೆಯೋ ಎಂದು ನನಗೆ ಪ್ರತಿ ಸಲವೂ ಸಂಶಯ. ನೀವು ಕಾಯುತ್ತಿದ್ದಿರಿ, ಅದಕ್ಕೆ ಧೈರ್ಯ ಮಾಡಿ ‘ಬಂತು ಸರ್’ ಎನ್ನುತ್ತಿದ್ದೆ.

ಇದು ಬಣ್ಣವೋ ಅಲ್ಲವೋ ನನಗೆ ತಿಳಿಯದು. ನನಗೆ ಗೊತ್ತಿರುವುದು ಇಷ್ಟು.

ಬರುವ ಶನಿವಾರ ಮಧ್ಯಾಹ್ನ ಊರಿಗೆ ಬರುತ್ತೇನೆ. ಈ ಸಲ ಬಾಗಿಲಿನಿಂದ ಹಿಂದೆ ಹೋಗುವುದಿಲ್ಲ.

ನಿಮ್ಮ,
ಲೊರ್ನಾ